ಕ್ಷಮಿಸುವುದರ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು

ಮೈಸೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ, ಮಂಡ್ಯ ಕಡೆಯ ಹಳ್ಳಿಗಳ ಮನೆಪ್ರಾರ್ಥನೆಗಳಲ್ಲಿ ಮತ್ತು ಆಗಾಗ ಬರುವ ಪತ್ರಗಳಲ್ಲಿ ಜನರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಅವರ ಗುರುತು ಸಿಗುವಂಥದ್ದನ್ನು ಮಾತ್ರ ತೆಗೆದಿದ್ದೇನೆ. ನಾನು ಪ್ರಾಟೆಸ್ಟೆಂಟ್ ಸಭೆಗೆ ಸೇರಿದವನು. ಕಥೋಲಿಕ ಬಂಧುಗಳ ಆಚರಣೆ ಬೇರೆಯಾಗಿರುವ ಕಡೆ ಅದನ್ನೂ ಹೇಳಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಕ್ಷಮಿಸುವುದು ಅಂದರೆ ಆಗಿದ್ದನ್ನೆಲ್ಲ ಮರೆತುಬಿಡುವುದಾ?

ಅಲ್ಲ. ಮರೆವು ಯಾರ ಕೈಯಲ್ಲೂ ಇಲ್ಲ. ಮರೆಯಬೇಕೆಂದು ಹಟ ಹಿಡಿದಷ್ಟೂ ನೆನಪು ಗಟ್ಟಿಯಾಗುತ್ತದೆ. ಯೇಸುಸ್ವಾಮಿ ಕ್ಷಮೆಯ ಬಗ್ಗೆ ಮಾತನಾಡುವಾಗ ಸಾಲದ ಮಾತನ್ನು ಎತ್ತುತ್ತಾರೆ. ನಮಗೆ ಅನ್ಯಾಯ ಮಾಡಿದವನು ನಮಗೆ ಏನನ್ನೋ ಕೊಡಬೇಕಾದವನಾಗುತ್ತಾನೆ: ಕಿತ್ತುಕೊಂಡ ಹಣ, ಕಳೆದ ಮಾನ, ಹಾಳಾದ ವರ್ಷಗಳು. ಕ್ಷಮಿಸುವವನು ಆ ಲೆಕ್ಕವನ್ನು ಪೂರ್ತಿ ಓದುತ್ತಾನೆ, ಬಾಕಿ ಇದೆಯೆಂದು ಒಪ್ಪುತ್ತಾನೆ, ಆಮೇಲೆ ಅದಕ್ಕಾಗಿ ಮುಯ್ಯಿ ತೀರಿಸಿಕೊಳ್ಳುವ ಹಕ್ಕನ್ನು ದೇವರ ಕೈಗೆ ಬಿಟ್ಟುಕೊಡುತ್ತಾನೆ. ಆದ್ದರಿಂದ “ಪರವಾಗಿಲ್ಲ ಬಿಡಿ, ಏನೂ ಆಗಿಲ್ಲ” ಎನ್ನುವುದು ಸೌಜನ್ಯವಾಗಬಹುದು, ಕ್ಷಮೆಯಾಗಲಾರದು. ಏನೂ ಆಗಿರದಿದ್ದರೆ ಕ್ಷಮಿಸುವುದಕ್ಕೆ ಏನೂ ಇರುವುದಿಲ್ಲ. ಅಣ್ಣಂದಿರಿಂದಲೇ ಮಾರಲ್ಪಟ್ಟು ಐಗುಪ್ತ (ಈಜಿಪ್ಟ್) ಸೇರಿದ ಯೋಸೇಫನು, ತಂದೆ ತೀರಿಕೊಂಡ ಮೇಲೆ ಹೆದರಿ ಬಂದ ಅದೇ ಅಣ್ಣಂದಿರಿಗೆ, ನೀವು ನನಗೆ ಕೇಡನ್ನೇ ಬಯಸಿದಿರಿ ಎಂದು ಮುಖಕ್ಕೆ ಹೇಳಿದನು. ಹೇಳಿಯೂ ಅವರನ್ನೂ ಅವರ ಮಕ್ಕಳನ್ನೂ ಸಾಕುವ ಮಾತು ಕೊಟ್ಟನು (ಬೈಬಲಿನ ಆದಿಕಾಂಡ 50). ಅವನು ಏನನ್ನೂ ಮರೆತಿರಲಿಲ್ಲ.

ತಪ್ಪು ಮಾಡಿದ್ದು ಅವನು. ಕ್ಷಮಿಸು ಅಂತ ನನಗೆ ಯಾಕೆ ಹೇಳುತ್ತೀರಿ?

ಈ ಪ್ರಶ್ನೆಯ ಹಿಂದೆ ನೋವಿದೆ, ಅದಕ್ಕೆ ಮರ್ಯಾದೆ ಕೊಡಲೇಬೇಕು. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮ್ಯಕ್ಕಿಂತ (ನೀತಿಕಥೆಗಿಂತ) ನೇರವಾದ ಉತ್ತರ ಇದಕ್ಕೆ ಇಲ್ಲವೆಂದು ನನ್ನ ಭಾವನೆ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ಆ ಕಾಲದ ಲೆಕ್ಕದಲ್ಲಿ ಒಂದು ತಲಾಂತು ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ದುಡಿಮೆ. ಅಂದರೆ ಅವನ ಸಾಲ ಸುಮಾರು ಆರು ಕೋಟಿ ದಿನಗಳ ಕೂಲಿ. ಒಂದು ದಿನವೂ ಬಿಡದೆ ದುಡಿದರೂ ತೀರುವುದಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ವರ್ಷ ಬೇಕು. ಸ್ವಲ್ಪ ತಾಳಿಕೊಳ್ಳಿ, ಎಲ್ಲವನ್ನೂ ತೀರಿಸುತ್ತೇನೆ ಎಂದು ಅವನು ಅಡ್ಡಬಿದ್ದಾಗ ರಾಜನು ಕಂತು ಗೊತ್ತುಮಾಡಲಿಲ್ಲ, ವಾಯಿದೆ ಹಾಕಲಿಲ್ಲ. ಇಡೀ ಸಾಲವನ್ನೇ ಮನ್ನಾ ಮಾಡಿದನು. ಅದೇ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದನು.

ಇಲ್ಲಿ ಒಂದು ಸಂಗತಿಯನ್ನು ಬೋಧನೆಯಲ್ಲಿ ಅನೇಕರು ದಾಟಿಹೋಗುತ್ತಾರೆ. ನೂರು ದಿನಾರಿ ಚಿಲ್ಲರೆ ಕಾಸಲ್ಲ. ಅದು ಮೂರು ತಿಂಗಳಿಗೂ ಮಿಕ್ಕ ಕೂಲಿ. ಮದ್ದೂರಿನ ಕಡೆ ಕಬ್ಬು ಕಡಿಯುವ ಒಬ್ಬ ಆಳಿಗೆ ಯಾರಾದರೂ ಮೂರು ತಿಂಗಳ ಕೂಲಿಯನ್ನು ಮುಳುಗಿಸಿದರೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆದ್ದರಿಂದ ಯೇಸುಸ್ವಾಮಿ ನಿಮ್ಮ ನಷ್ಟವನ್ನು ಸಣ್ಣದೆಂದು ಹೇಳುತ್ತಿಲ್ಲ. ನಷ್ಟವೂ ನಿಜ, ನೋವೂ ನಿಜ. ಆದರೆ ನಮಗೆ ಮನ್ನಾ ಆಗಿರುವುದು ಅದರ ಪಕ್ಕದಲ್ಲಿಟ್ಟು ನೋಡಲಾಗದಷ್ಟು ದೊಡ್ಡದು ಎನ್ನುತ್ತಿದ್ದಾರೆ. ಎದುರಿನವನಿಗೆ ಕ್ಷಮೆಯ ಯೋಗ್ಯತೆ ಇದೆಯೇ ಎಂದು ಕ್ರೈಸ್ತನು ಮೊದಲು ವಿಚಾರಿಸುವುದಿಲ್ಲ, ಏಕೆಂದರೆ ತನ್ನ ವಿಷಯದಲ್ಲಿ ಯಾರೂ ಹಾಗೆ ವಿಚಾರಿಸಲಿಲ್ಲ.

ಎಷ್ಟು ಸಲ ಅಂತ ಕ್ಷಮಿಸುವುದು? ಒಂದು ಮಿತಿ ಬೇಡವಾ?

ಯೇಸುಸ್ವಾಮಿಯ ಶಿಷ್ಯ ಪೇತ್ರನೂ ಇದನ್ನೇ ಕೇಳಿದನು, ಏಳು ಸಾರಿ ಸಾಕೇ ಎಂದನು. ಏಳೆಪ್ಪತ್ತು ಸಾರಿ ಎಂದು ಉತ್ತರ ಬಂತು. ಇದು 490ರ ತನಕ ಎಣಿಸಿ ನಿಲ್ಲಿಸಿ ಎಂಬ ಅರ್ಥದ್ದಲ್ಲವೆಂದು ಎಲ್ಲರಿಗೂ ಗೊತ್ತು. ಆದಿಕಾಂಡದ 4ನೆಯ ಅಧ್ಯಾಯವನ್ನು ಇದರ ಜೊತೆಗಿಟ್ಟು ಓದಿ: ಅಲ್ಲಿ ಲೆಮೆಕನೆಂಬವನು, ತನಗೆ ಗಾಯ ಮಾಡಿದ್ದಕ್ಕೆ ಒಬ್ಬನನ್ನು ಕೊಂದೆನೆಂದೂ, ತಮ್ಮನನ್ನು ಕೊಂದ ಕಾಯಿನನಿಗಾಗಿ ಏಳರಷ್ಟು ಪ್ರತಿದಂಡನೆಯಾದರೆ ತನಗಾಗಿ ಎಪ್ಪತ್ತೇಳರಷ್ಟು ಆಗುವುದೆಂದೂ ಹೆಂಡತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ಹಗೆ ಮಿತಿಯಿಲ್ಲದೆ ಬೆಳೆದ ಲೆಕ್ಕ ಅದು. ಯೇಸುಸ್ವಾಮಿ ಅದೇ ಲೆಕ್ಕವನ್ನು ತಿರುಗಿಸಿ ಕ್ಷಮೆಗೆ ಕೊಟ್ಟರು.

ನಾನು ಕ್ಷಮಿಸದಿದ್ದರೆ ದೇವರೂ ನನ್ನನ್ನು ಕ್ಷಮಿಸುವುದಿಲ್ಲವಂತೆ. ಹಾಗಾದರೆ ಇದು ಕೊಟ್ಟು ತೆಗೆದುಕೊಳ್ಳುವ ವ್ಯಾಪಾರವಲ್ಲವಾ?

ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆಯ ಬೆನ್ನಿಗೇ ಬರುವ ಆ ಎರಡು ವಾಕ್ಯಗಳು (ಮತ್ತಾಯ 6:14-15) ಕಠಿಣವಾಗಿವೆ, ಅವನ್ನು ಮೆತ್ತಗೆ ಮಾಡುವುದು ಸರಿಯಲ್ಲ. ಆದರೂ ಅಲ್ಲಿರುವುದು ವ್ಯಾಪಾರವಲ್ಲ. ಆಳಿನ ಸಾಮ್ಯದಲ್ಲಿ ರಾಜನೇ ಮೊದಲು ಮನ್ನಾ ಮಾಡಿದನು, ಆಳು ಮೊದಲು ಯಾರನ್ನೋ ಕ್ಷಮಿಸಿ ಬಂದಿರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೂ ಕರ್ತನು ನಿಮ್ಮನ್ನು ಕ್ಷಮಿಸಿದಂತೆ ನೀವೂ ಕ್ಷಮಿಸಿರಿ ಎಂದೇ ಇದೆ (3:13). ಮೊದಲ ಹೆಜ್ಜೆ ಯಾವಾಗಲೂ ದೇವರದು. ಆದರೆ ತಾನು ಉಚಿತವಾಗಿ ಪಡೆದದ್ದನ್ನು ಇನ್ನೊಬ್ಬನಿಗೆ ಕೊಡಲು ಖಡಾಖಂಡಿತವಾಗಿ ನಿರಾಕರಿಸುವವನು, ತನಗೆ ಸಿಕ್ಕಿದ್ದನ್ನು ನಿಜವಾಗಿ ಸ್ವೀಕರಿಸಿದ್ದಾನೆಯೇ ಎಂಬ ಪ್ರಶ್ನೆ ಏಳುತ್ತದೆ. ಕ್ಷಮಿಸಲು ಆಗುತ್ತಿಲ್ಲವೆಂದು ಅಳುತ್ತಾ ಬರುವವರಿಗೆ ಈ ವಾಕ್ಯವನ್ನು ಬೆದರಿಕೆಯಾಗಿ ತೋರಿಸುವುದನ್ನು ಕಂಡಿದ್ದೇನೆ, ಅದು ನನಗೆ ತುಂಬ ಬೇಸರ ತರಿಸುತ್ತದೆ. ಆಗುತ್ತಿಲ್ಲ, ಸಹಾಯಮಾಡು ಎಂದು ಬೇಡುವವನು ಬೇರೆ, ಮಾಡುವುದೇ ಇಲ್ಲ ಎನ್ನುವವನು ಬೇರೆ.

ಕ್ಷಮೆ ದೊಡ್ಡದು ಅಂತ ನಮ್ಮ ನೆರೆಹೊರೆಯವರೂ ಹೇಳುತ್ತಾರೆ. ಕ್ರೈಸ್ತರದ್ದೇನು ವಿಶೇಷ?

ನೆರೆಯವರು ಹೇಳುವುದು ನಿಜ, ಅದನ್ನು ಕಡಿಮೆ ಮಾಡಿ ನೋಡಬೇಕಾಗಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ಮೈಸೂರಿನ ಮಕ್ಕಳು ಮನೆಮನೆಗೆ ತಟ್ಟೆ ಹಿಡಿದು ಬರುತ್ತಾರೆ. ಜೈನರು ಕ್ಷಮಾವಣಿಯಂದು ಒಬ್ಬರನ್ನೊಬ್ಬರು ಕಂಡು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಬೇಡುತ್ತಾರೆ. ಇವುಗಳಿಂದ ನಾವೂ ಕಲಿಯಬಹುದು. ಕ್ರೈಸ್ತ ನಂಬಿಕೆಯಲ್ಲಿ ಬೇರೆಯಾಗಿರುವುದು ಕ್ಷಮೆ ಎಲ್ಲಿಂದ ಬರುತ್ತದೆ ಎಂಬುದು. ಶಿಲುಬೆಗೆ ಜಡಿಯಲ್ಪಟ್ಟ ಹೊತ್ತಿನಲ್ಲೇ, ಯಾರೂ ಕೇಳದಿರುವಾಗಲೇ, ತಂದೆಯೇ ಇವರಿಗೆ ಕ್ಷಮಿಸು ಎಂದು ಬೇಡಿದ ಒಬ್ಬರಿಂದ ಅದು ನಮಗೆ ಬಂತು ಎಂದು ನಾವು ನಂಬುತ್ತೇವೆ.

## ಮನೆ, ಆಸ್ತಿ, ಸಭೆ

ಅವರು ಇವತ್ತಿನ ತನಕ ತಪ್ಪಾಯಿತು ಅಂತ ಒಂದು ಮಾತು ಹೇಳಿಲ್ಲ. ಕೇಳದವರನ್ನು ಕ್ಷಮಿಸುವುದು ಹೇಗೆ?

ಲೂಕನ ಸುವಾರ್ತೆಯಲ್ಲಿ, ನಿನ್ನ ಸಹೋದರನು ತಪ್ಪು ಮಾಡಿದರೆ ಅವನನ್ನು ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದಿದೆ (17:3). ಇದನ್ನು ಹಿಡಿದು, ಕೇಳುವ ತನಕ ಕ್ಷಮಿಸಬೇಕಾಗಿಲ್ಲ ಎನ್ನುವವರಿದ್ದಾರೆ. ಆದರೆ ನಂಬಿಕೆಗಾಗಿ ತನ್ನ ಮೇಲೆ ಕಲ್ಲೆಸೆಯುತ್ತಿದ್ದವರಲ್ಲಿ ಒಬ್ಬನೂ ಕೈ ತಡೆಯದಿದ್ದಾಗ ಆದಿಸಭೆಯ ಸ್ತೆಫನನು ಈ ಪಾಪವನ್ನು ಅವರ ಮೇಲೆ ಹೊರಿಸಬೇಡ ಎಂದು ಪ್ರಾರ್ಥಿಸಿದನು. ಪ್ರಾರ್ಥನೆಗೆ ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿರಿ ಎಂದು ಮಾರ್ಕನ ಸುವಾರ್ತೆ ಹೇಳುತ್ತದೆ (11:25), ಅಲ್ಲಿ ಎದುರಿನವನು ಜೊತೆಗಿರುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಹೊಳೆಯುವುದು ಇಷ್ಟು: ಹೃದಯದಲ್ಲಿ ಹಗೆಯನ್ನು ಬಿಟ್ಟುಕೊಡುವುದಕ್ಕೆ ಅವರ ಒಪ್ಪಿಗೆ ಬೇಕಾಗಿಲ್ಲ, ಅದನ್ನು ಇಂದೇ ಮಾಡಬಹುದು. ಮುರಿದ ಸಂಬಂಧ ಕೂಡಿಕೊಳ್ಳುವುದಕ್ಕೆ ಮಾತ್ರ ಇಬ್ಬರೂ ಬೇಕು, ಅಲ್ಲಿ ಪಶ್ಚಾತ್ತಾಪವಿಲ್ಲದೆ ಮುಂದೆ ಹೋಗಲಾಗದು. ತಪ್ಪನ್ನು ಹೋಗಿ ಹೇಳುವ ಕೆಲಸವೂ ಪ್ರೀತಿಯದೇ. ಅವರು ಕೇಳಿಲ್ಲವೆಂದು ನಾವು ಕಾಯುತ್ತಿರುವಾಗ, ತಾವು ಮಾಡಿದ್ದೇನೆಂದು ಅವರಿಗೆ ಯಾರೂ ತಿಳಿಸಿಯೇ ಇಲ್ಲದಿರುವುದೂ ಉಂಟು.

ಅಪ್ಪನ ಆಸ್ತಿಯಲ್ಲಿ ಅಣ್ಣ ಮೋಸ ಮಾಡಿದ. ಕೇಸು ಹಾಕಿದ್ದೇನೆ. ಕ್ಷಮಿಸಬೇಕಾದರೆ ಕೇಸು ವಾಪಸ್ ತೆಗೆದುಕೊಳ್ಳಬೇಕಾ?

ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿರುವುದಕ್ಕೆ ಪಾಲಿನ ಜಗಳದಷ್ಟು ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ, ಆದ್ದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಯೇಸುಸ್ವಾಮಿಯ ಹತ್ತಿರವೂ ಒಬ್ಬನು ಬಂದು, ಸ್ವತ್ತನ್ನು ಪಾಲು ಮಾಡಿಕೊಡುವಂತೆ ನನ್ನ ಅಣ್ಣನಿಗೆ ಹೇಳಿ ಎಂದು ಕೇಳಿದನು. ಅವರು ಪಾಲು ಮಾಡುವವರಾಗಿ ಕೂರಲಿಲ್ಲ. ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಎಂದರು (ಲೂಕ 12). ಕೊರಿಂಥದ ಸಭೆಯವರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದಾಗ, ಅವರಿಗೆ ಪತ್ರ ಬರೆದ ಅಪೊಸ್ತಲ ಪೌಲನು ಅವರನ್ನು ನಾಚಿಸಿದನು, ಅದಕ್ಕಿಂತ ಅನ್ಯಾಯವನ್ನು ಸಹಿಸಬಾರದೇಕೆ ಎಂದೂ ಕೇಳಿದನು (1 ಕೊರಿಂಥ 6). ಅದೇ ಪೌಲನು ತನಗೆ ನ್ಯಾಯ ಸಿಗದೆಂದು ಕಂಡಾಗ ರೋಮಿನ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹೋದನು. ಆದ್ದರಿಂದ ಕೋರ್ಟಿಗೆ ಹೋಗುವುದೇ ಪಾಪವೆಂದು ಹೇಳಲಾರೆ. ಕೋರ್ಟಿಗೆ ಯಾವ ಮನಸ್ಸಿನಿಂದ ಹೋಗುತ್ತೇವೆ, ಹೋಗುವ ಮೊದಲು ಏನು ಮಾಡಿದ್ದೇವೆ ಎಂಬುದು ಮುಖ್ಯ.

ಮೊದಲು ಒಬ್ಬರೇ ಹೋಗಿ ಮಾತನಾಡುವುದು, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಆಮೇಲೆ ಸಭೆಗೆ ತಿಳಿಸುವುದು ಎಂಬ ಕ್ರಮ ಮತ್ತಾಯ 18ರಲ್ಲೇ ಇದೆ. ಅದನ್ನು ಬಿಟ್ಟು ನೇರವಾಗಿ ವಕೀಲರ ಕಚೇರಿಗೆ ಹೋದವರು ಆ ಹೆಜ್ಜೆಗಳನ್ನು ಈಗಲೂ ಇಡಬಹುದು. ನಡೆಯುತ್ತಿರುವ ದಾವೆಯನ್ನೂ ಲೋಕ್ ಅದಾಲತ್‌ಗೆ ಒಯ್ದು ರಾಜಿಯಲ್ಲಿ ಮುಗಿಸಬಹುದು. ಅಲ್ಲಾದ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ಹಿಂದಕ್ಕೆ ಬರುತ್ತದೆ. ನಿಮಗೆ ಸೇರಬೇಕಾದ ಪಾಲನ್ನು ಕೇಳುತ್ತಲೇ ಅಣ್ಣನ ಮೇಲಿನ ಹಗೆಯನ್ನು ಬಿಡಲು ಸಾಧ್ಯ. ಅವನ ಮಗಳ ಮದುವೆಗೆ ಹೋಗಿ ಅಕ್ಷತೆ ಹಾಕಿ, ಮಾರನೆಯ ವಾರ ಕೋರ್ಟಿನಲ್ಲಿ ನಿಜವನ್ನೇ ಹೇಳಿ ಬಂದವರು ನಮ್ಮ ನಡುವೆ ಇದ್ದಾರೆ. ಹಾಗಲ್ಲದೆ, ಗೆಲ್ಲುವುದಕ್ಕಿಂತ ಅವನನ್ನು ಅಲೆಸಿ ಅಲೆಸಿ ಸುಸ್ತು ಮಾಡಬೇಕೆಂದೇ ವಾಯಿದೆ ಮೇಲೆ ವಾಯಿದೆ ಕೇಳುತ್ತಿದ್ದರೆ, ಆ ಕೇಸು ಮುಯ್ಯಿಯ ಕೆಲಸಕ್ಕೆ ಇಳಿದಿದೆ ಎಂದು ತಿಳಿಯಬೇಕು.

“ನೀನು ಪ್ರಾರ್ಥನೆ ಮಾಡುವವಳು, ಮನಸ್ಸು ದೊಡ್ಡದು ಮಾಡಿ ಸಹಿ ಹಾಕಮ್ಮ” ಅಂತ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ಹಿಡಿದು ಕೂತಿದ್ದಾರೆ. ಏನು ಮಾಡಲಿ?

ಸಹಿ ಹಾಕುವುದೂ ಬಿಡುವುದೂ ನಿಮಗೆ ಸೇರಿದ್ದು. ಅದಕ್ಕೆ ಕ್ಷಮೆಯ ಹೆಸರನ್ನು ಅಂಟಿಸುವುದು ಸರಿಯಲ್ಲ. ಕ್ರೈಸ್ತ ತಂದೆ ಉಯಿಲು ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು; ಗಂಡು ಹೆಣ್ಣೆಂಬ ಭೇದವಿಲ್ಲ. ತನ್ನದನ್ನು ಪ್ರೀತಿಯಿಂದ ಬಿಟ್ಟುಕೊಡುವುದು ದಾನ. ಹೆದರಿಸಿ, ನಾಚಿಸಿ, ದೇವರ ಹೆಸರು ಹೇಳಿ ಬರೆಸಿಕೊಳ್ಳುವುದು ಕಸಿಯುವ ಕೆಲಸ, ಅಲ್ಲಿ ಕ್ಷಮೆ ಬೇಡಬೇಕಾದವರು ಕಾಗದ ಹಿಡಿದು ಬಂದವರು.

ನಾದಿನಿಯ ಜೊತೆ ಮಾತು ಬಿಟ್ಟು ಬಹಳ ಕಾಲವಾಯಿತು. ಪ್ರಭುಭೋಜನಕ್ಕೆ (ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಹೋಗಬಹುದಾ?

ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮದಲ್ಲಿ, ಕಾಣಿಕೆಯನ್ನು ಅರ್ಪಿಸುವ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. ಬಲ ಅಂಗೈಯನ್ನು ಪಕ್ಕದವರ ಬಲ ಅಂಗೈಗೆ ಸೇರಿಸಿ, ಎಡಗೈಯಿಂದ ಅವರ ಬಲಗೈಯನ್ನು ಮುಚ್ಚುತ್ತೇವೆ. ಅವರು ತಮ್ಮ ಪಕ್ಕದವರಿಗೆ ಕೊಡುತ್ತಾರೆ. ಕಥೋಲಿಕರ ಬಲಿಪೂಜೆಯಲ್ಲಿ ಇದು ಪ್ರಸಾದ ಸ್ವೀಕಾರಕ್ಕೆ ಸ್ವಲ್ಪ ಮೊದಲು ಬರುತ್ತದೆ, ಅಲ್ಲಿ ಕೈಮುಗಿಯುವುದುಂಟು. ಮಾತು ಬಿಟ್ಟ ಓರಗಿತ್ತಿಯರಿಬ್ಬರು ಒಬ್ಬರು ಕಿಟಕಿಯ ಬದಿಗೂ ಒಬ್ಬರು ಬಾಗಿಲ ಬದಿಗೂ ಕೂತು, ಸಮಾಧಾನ ತಮ್ಮ ಬೆಂಚಿಗೆ ಬರುವ ಹೊತ್ತಿಗೆ ಸರಿಯಾಗಿ ಒಬ್ಬರು ಮಗುವನ್ನು ಎತ್ತಿಕೊಂಡು ಹೊರಗೆ ನಡೆಯುವುದನ್ನು ನೋಡಿದ್ದೇನೆ. ಆ ಕ್ಷಣವನ್ನು ತಪ್ಪಿಸಿಕೊಳ್ಳಬೇಕೆಂದು ಅನ್ನಿಸುವುದೇ, ಅದು ಬರಿಯ ಶಾಸ್ತ್ರವಲ್ಲವೆಂಬುದಕ್ಕೆ ಸಾಕ್ಷಿ.

ಯಜ್ಞವೇದಿಯ ಹತ್ತಿರ ಕಾಣಿಕೆಯನ್ನು ಬಿಟ್ಟು ಹೋಗಿ ಮೊದಲು ಸಮಾಧಾನಪಡಿಸಿಕೊ ಎಂಬ ಮಾತು (ಮತ್ತಾಯ 5:23-24) ನೊಂದವನಿಗೆ ಹೇಳಿದ್ದಲ್ಲ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು ಅಲ್ಲಿದೆ. ಆದ್ದರಿಂದ ಮೊದಲು ನಿಮ್ಮಿಂದ ಆದದ್ದೇನೆಂದು ನೋಡಿಕೊಳ್ಳಿ, ಇದ್ದರೆ ಈ ವಾರವೇ ಹೋಗಿ. ನೀವು ಹೋಗಿಯೂ ಅವರು ಮುಖ ತಿರುಗಿಸಿದ್ದರೆ, ಅವರ ಹಟದ ಕಾರಣಕ್ಕೆ ನೀವು ಪ್ರಭುವಿನ ಮೇಜಿನಿಂದ ದೂರ ನಿಲ್ಲಬೇಕಾಗಿಲ್ಲ.

ಕ್ಷಮಿಸುವ ಮನಸ್ಸು ಬರಲಿ ಅಂತ ದೋರನಹಳ್ಳಿ ಸಂತ ಅಂತೋಣಿಯವರಿಗೆ ಹರಕೆ ಹೊತ್ತಿದ್ದೇನೆ. ಸಾಕಾ?

ಪ್ರಾರ್ಥನೆ ಎಂದೂ ವ್ಯರ್ಥವಲ್ಲ, ಸಂತರ ಮೂಲಕ ಬೇಡುವುದು ಕಥೋಲಿಕ ನಂಬಿಕೆಯ ಭಾಗ. ಆದರೆ ಜೂನ್ 13ರ ಹಬ್ಬಕ್ಕೆ ದೋರನಹಳ್ಳಿಗೆ ಹೋಗಿ ಬಂದ ಮೇಲೆ, ಪಕ್ಕದ ಬೀದಿಯಲ್ಲಿರುವ ಆ ಮನೆಯ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಆ ಕೆಲಸವನ್ನು ನಿಮ್ಮ ಬದಲು ಬೇರೆ ಯಾರೂ ಮಾಡಲಾರರು.

ಅಪ್ಪ ನನಗೆ ಬಹಳ ಕಷ್ಟ ಕೊಟ್ಟರು. ಈಗ ಅವರಿಲ್ಲ. ಸತ್ತವರನ್ನು ಕ್ಷಮಿಸಿ ಏನು ಪ್ರಯೋಜನ?

ಅವರು ಹೋದರೂ ಅವರ ಮಾತು ನಿಮ್ಮೊಳಗೆ ಹೋಗಿಲ್ಲವಲ್ಲ. ಸಮಾಧಿಯ ಹತ್ತಿರ ನಿಂತು, ಅಥವಾ ಒಂದು ಹಾಳೆಯಲ್ಲಿ ಬರೆದು, ಅವರು ಮಾಡಿದ್ದನ್ನು ಒಂದೊಂದಾಗಿ ದೇವರ ಮುಂದೆ ಹೇಳಿ. ಕೀರ್ತನೆಗಳಲ್ಲಿ ಅದಕ್ಕೆ ಬೇಕಾದ ಧೈರ್ಯವಿದೆ, 13ನೆಯದೂ 109ನೆಯದೂ ಸಿಟ್ಟನ್ನೂ ಅಳಲನ್ನೂ ಒಂದಿಷ್ಟೂ ಮರೆಮಾಡುವುದಿಲ್ಲ. ಹೇಳಿ ಮುಗಿದ ಮೇಲೆ ತೀರ್ಪನ್ನು ದೇವರಿಗೇ ಬಿಡಿ. ಊರವರ ಮುಂದೆ ಅವರನ್ನು ಒಳ್ಳೆಯ ತಂದೆಯಾಗಿ ಹೊಗಳಬೇಕೆಂಬ ಕಟ್ಟಳೆ ಇದರಲ್ಲಿಲ್ಲ.

## ಕಷ್ಟದ ಪ್ರಶ್ನೆಗಳು

ಪಕ್ಕದ ಗದ್ದೆಯವನು ನನ್ನ ಸರದಿಯ ನೀರು ತಿರುಗಿಸಿಕೊಂಡು ಒಂದು ಬೆಳೆಯನ್ನೇ ಒಣಗಿಸಿದ. ಪ್ರಾರ್ಥನೆಯಲ್ಲಿ ಕ್ಷಮಿಸಿದ್ದೇನೆ ಅಂದೆ. ನಾಲೆ ಏರಿ ಮೇಲೆ ಅವನ ಮುಖ ಕಂಡರೆ ಮತ್ತೆ ರಕ್ತ ಕುದಿಯುತ್ತದೆ. ನಾನು ಕ್ಷಮಿಸಿಲ್ಲವಾ?

ಕ್ಷಮಿಸಿದ್ದೀರಿ, ಇನ್ನೂ ಕ್ಷಮಿಸುವುದಿದೆ. ಬದುವಿನ ಗರಿಕೆಯನ್ನು ಒಂದು ಸಲ ಕಿತ್ತರೆ ಮುಗಿಯಿತೆಂದು ಯಾವ ರೈತನೂ ಅಂದುಕೊಳ್ಳುವುದಿಲ್ಲ. ಮಳೆ ಬಿದ್ದಾಗಲೆಲ್ಲ ಅದು ಚಿಗುರುತ್ತದೆ, ಕಂಡಾಗಲೆಲ್ಲ ಕೀಳುತ್ತೇವೆ. ಕಹಿಯಾದ ಬೇರು ಚಿಗುರಿ ಅನೇಕರನ್ನು ಕೆಡಿಸದಂತೆ ನೋಡಿಕೊಳ್ಳಿ ಎಂದು ಇಬ್ರಿಯರಿಗೆ ಬರೆದ ಪತ್ರವೂ ಹೇಳುತ್ತದೆ (12:15). ಕ್ಷಮಿಸುವುದು ತೀರ್ಮಾನ, ಸಿಟ್ಟು ಭಾವನೆ; ತೀರ್ಮಾನವನ್ನು ಒಂದು ದಿನ ಮಾಡಬಹುದು, ಭಾವನೆ ಅದರ ಹಿಂದೆ ತನ್ನ ನಡಿಗೆಯಲ್ಲಿ ಬರುತ್ತದೆ. ಸಿಟ್ಟು ಬಂದಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅವನ ಹೆಸರು ಹೇಳಿ ಪ್ರಾರ್ಥಿಸಿ, ಅವನ ಬೆಳೆಗೂ ಮಳೆಗೂ ಒಳ್ಳೆಯದನ್ನು ಬೇಡಿ, ಟೀ ಅಂಗಡಿಯಲ್ಲಿ ಅವನ ಕಥೆಯನ್ನು ಮತ್ತೊಮ್ಮೆ ಹೇಳುವ ಬಯಕೆಯನ್ನು ತಡೆದುಕೊಳ್ಳಿ. ಆ ಕಥೆ ಹೇಳಿದಾಗಲೆಲ್ಲ ಬಾಕಿಯ ಪುಸ್ತಕ ಮತ್ತೆ ತೆರೆದುಕೊಳ್ಳುತ್ತದೆ. ನಿಮ್ಮ ಸರದಿಯ ನೀರನ್ನು ಕೇಳುವುದರಲ್ಲಿ ಮಾತ್ರ ತಪ್ಪಿಲ್ಲ. ಅದನ್ನು ನೀರಗಂಟಿಯ ಮುಂದೆ ನೇರವಾಗಿ ಹೇಳಿ.

ಕ್ಷಮಿಸಿದ ಮೇಲೆ ಮೊದಲಿನ ಹಾಗೇ ನಂಬಬೇಕಾ? ಚೀಟಿ ದುಡ್ಡು ನುಂಗಿದವರ ಹತ್ತಿರ ಮತ್ತೆ ಚೀಟಿ ಹಾಕಬೇಕಾ?

ಹಾಕಬೇಕಾಗಿಲ್ಲ. ಕ್ಷಮೆಯನ್ನು ಉಚಿತವಾಗಿ ಕೊಡುತ್ತೇವೆ, ನಂಬಿಕೆಯನ್ನು ಅವರು ನಡತೆಯಿಂದ ಗಳಿಸಬೇಕು. ಯೋಸೇಫನು ಅಣ್ಣಂದಿರನ್ನು ಕಂಡ ಕೂಡಲೇ ತಾನು ಯಾರೆಂದು ಹೇಳಲಿಲ್ಲ. ಧಾನ್ಯ ಕೊಟ್ಟನು, ಮರೆಯಲ್ಲಿ ಅತ್ತನು, ಆದರೂ ಕಿರಿಯ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆಯನ್ನು ಇಡಿಸಿ ನೋಡಿದನು. ತಮ್ಮನ ಬದಲು ನಾನೇ ಇಲ್ಲಿ ದಾಸನಾಗಿ ಉಳಿಯುತ್ತೇನೆ ಎಂದು ಅಣ್ಣಂದಿರಲ್ಲಿ ಒಬ್ಬನಾದ ಯೂದನು ಹೇಳಿದ ಮೇಲೆ, ಇವರು ಹಿಂದಿನ ಅಣ್ಣಂದಿರಲ್ಲವೆಂದು ಅವನಿಗೆ ಗೊತ್ತಾಯಿತು. ಪೌಲನು ತಮ್ಮನ್ನು ನಡುದಾರಿಯಲ್ಲಿ ಬಿಟ್ಟುಹೋದ ಮಾರ್ಕನನ್ನು ಮುಂದಿನ ಪ್ರಯಾಣಕ್ಕೆ ಕರೆದೊಯ್ಯಲು ಒಪ್ಪಲಿಲ್ಲ, ಆ ವಿಷಯದಲ್ಲಿ ಜೊತೆಗಾರ ಬಾರ್ನಬನಿಂದಲೇ ಬೇರೆಯಾದನು. ವರ್ಷಗಳಾದ ಮೇಲೆ ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದು ಬರೆದನು (2 ತಿಮೊಥೆಯ 4:11). ಮರಳಿ ನಂಬುವುದಕ್ಕೆ ಅಷ್ಟು ಕಾಲ ಬೇಕಾದರೆ ತೆಗೆದುಕೊಳ್ಳಿ, ಬಾಗಿಲನ್ನು ಮಾತ್ರ ಶಾಶ್ವತವಾಗಿ ಮುಚ್ಚಬೇಡಿ.

ಗಂಡ ಕುಡಿದು ಬಂದು ಹೊಡೆಯುತ್ತಾನೆ. ಸಭೆಯ ಹಿರಿಯರು ಕ್ಷಮಿಸಿ ಮನೆಗೆ ಹೋಗಮ್ಮ ಅನ್ನುತ್ತಾರೆ. ಹೋಗದಿದ್ದರೆ ಪಾಪವಾ?

ಪಾಪವಲ್ಲ. ಇದನ್ನು ಯಾವ ಅನುಮಾನವೂ ಇಲ್ಲದೆ ಬರೆಯುತ್ತಿದ್ದೇನೆ. ತನ್ನನ್ನು ಕೊಲ್ಲಲು ಅಲೆಯುತ್ತಿದ್ದ ರಾಜ ಸೌಲನು ಮಲಗಿದ್ದಾಗ ದಾವೀದನು ಅವನ ತಲೆದೆಸೆಯ ಭರ್ಜಿಯನ್ನೂ ನೀರಿನ ತಂಬಿಗೆಯನ್ನೂ ಎತ್ತಿಕೊಂಡು ಬಂದನು, ಅವನ ಮೈ ಮುಟ್ಟಲಿಲ್ಲ. ಸೌಲನು ಎದ್ದು, ನಾನು ಪಾಪ ಮಾಡಿದೆ, ಮಗನೇ ಹಿಂದಕ್ಕೆ ಬಾ, ಇನ್ನು ನಿನಗೆ ಕೇಡು ಮಾಡುವುದಿಲ್ಲ ಎಂದು ಕರೆದನು. ದಾವೀದನು ಭರ್ಜಿಯನ್ನು ಹಿಂದಿರುಗಿಸಿದನು, ಆದರೆ ಹಿಂದಕ್ಕೆ ಹೋಗಲಿಲ್ಲ. ತನ್ನ ದಾರಿ ಹಿಡಿದು ಹೋದನು (1 ಸಮುವೇಲ 26). ಮುಯ್ಯಿ ತೀರಿಸಿಕೊಳ್ಳದಿರುವುದೂ, ಏಟು ಬೀಳುವ ಜಾಗದಿಂದ ದೂರವಿರುವುದೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇದ್ದವು.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶವನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕಿನ ಆದೇಶವನ್ನೂ ಪಡೆಯಬಹುದು. ಮಹಿಳಾ ಸಹಾಯವಾಣಿ 181. ಕೂಡಲೇ ಸಹಾಯ ಬೇಕಾದರೆ 112. ತವರಿಗೋ ನಂಬಿದವರ ಮನೆಗೋ ಮೊದಲು ಹೋಗಿ ಸುರಕ್ಷಿತರಾಗಿ; ಕ್ಷಮೆಯ ಮಾತನ್ನು ಆಮೇಲೆ, ನಿಮ್ಮ ಸಮಯದಲ್ಲಿ, ದೇವರ ಜೊತೆ ಆಡಬಹುದು. ಹಿರಿಯರಿಗೂ ಒಂದು ಮಾತು: ಹೊಡೆದವನನ್ನು ಕೂರಿಸಿ ಕೇಳದೆ, ಹೊಡೆಸಿಕೊಂಡವಳಿಗೆ ಮಾತ್ರ ಬುದ್ಧಿ ಹೇಳುವುದು ಸುವಾರ್ತೆಯ ಕೆಲಸವಲ್ಲ.

ಸಭೆಯವರೊಬ್ಬರು ಮಗುವಿನ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದಾರೆ. ದೇವರ ಮನೆಯ ಹೆಸರು ಕೆಡಬಾರದು, ಕ್ಷಮಿಸಿ ಮುಗಿಸೋಣ ಅನ್ನುತ್ತಿದ್ದಾರೆ.

ಮಗುವಿನ ಪರವಾಗಿ ಕ್ಷಮಿಸುವ ಅಧಿಕಾರ ಸಭೆಗಿಲ್ಲ, ಮುಚ್ಚಿಡುವ ಅಧಿಕಾರವಂತೂ ಇಲ್ಲವೇ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ ಅಪರಾಧ. ಮಕ್ಕಳ ಸಹಾಯವಾಣಿ 1098. ಇಂದೇ ಕರೆ ಮಾಡಿ.

ಕೊಂದವರನ್ನೂ ಕ್ಷಮಿಸಲು ಮನುಷ್ಯರಿಂದ ಆಗುತ್ತದಾ? ಬೋಧನೆಯಲ್ಲಿ ಹೇಳುವುದು ಸುಲಭ.

ಬೋಧನೆಯಲ್ಲಿ ಹೇಳುವುದು ಸುಲಭ ಎಂಬ ಮಾತನ್ನು ಒಪ್ಪುತ್ತೇನೆ, ಅದಕ್ಕೇ ನಮ್ಮ ದೇಶದಲ್ಲಿ ನಡೆದ ಎರಡು ಸಂಗತಿಗಳನ್ನು ಹೇಳುತ್ತೇನೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಮಲಗಿದ್ದ ವಾಹನದೊಳಗೇ ಸುಟ್ಟುಹಾಕಿದರು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆಂದು ಬಹಿರಂಗವಾಗಿ ಹೇಳಿ, ಉಳಿದ ಮಗಳೊಂದಿಗೆ ಬಾರಿಪದದಲ್ಲೇ ನಿಂತು ಆ ರೋಗಿಗಳ ಸೇವೆಯನ್ನು ಮುಂದುವರಿಸಿದರು. ನ್ಯಾಯಾಲಯ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಮುಖ್ಯ ಅಪರಾಧಿಗೆ ವಿಧಿಸಿದ್ದ ಮರಣದಂಡನೆಯನ್ನು ಹೈಕೋರ್ಟು 2005ರಲ್ಲಿ ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕ್ಷಮೆಯೂ ಕಾನೂನೂ ಒಂದರ ದಾರಿಗೆ ಇನ್ನೊಂದು ಅಡ್ಡ ಬರಲಿಲ್ಲ.

ಇನ್ನೊಂದು, ಮಧ್ಯಪ್ರದೇಶದ ಇಂದೋರ್ ಸೀಮೆಯಲ್ಲಿ ಬಡ ರೈತರ ನಡುವೆ ಕೆಲಸ ಮಾಡುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರದು. 1995ರ ಫೆಬ್ರವರಿಯಲ್ಲಿ ಅವರನ್ನು ಬಸ್ಸಿನ ಪ್ರಯಾಣದಲ್ಲೇ ಇರಿದು ಕೊಂದರು. ಕೊಂದ ಸಮುಂದರ್ ಸಿಂಗ್ ಸೆರೆಯಲ್ಲಿದ್ದಾಗ, 2002ರಲ್ಲಿ, ಮೃತರ ತಂಗಿ ಸಿಸ್ಟರ್ ಸೆಲ್ಮಿ ಅಲ್ಲಿಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರು ಅವನ ಬಿಡುಗಡೆಗಾಗಿ ಅರ್ಜಿ ಹಾಕಿದರು. ಹೊರಬಂದ ಮೇಲೆ ಅವನು ಆ ಮನೆಗೆ ಮಗನಂತೆ ಹೋಗಿ ಬರುತ್ತಿದ್ದನು. 2017ರಲ್ಲಿ ಇಂದೋರಿನಲ್ಲಿ ಕಥೋಲಿಕ ಸಭೆಯು ರಾಣಿ ಮರಿಯಾ ಅವರನ್ನು ಧನ್ಯರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಿತು. ಇದನ್ನು ಓದಿ, ನೀವೂ ನಾಳೆಯೇ ಹೀಗೆ ಮಾಡಿ ಎಂದು ಯಾವ ನೊಂದ ಮನೆಗೂ ಹೇಳಬೇಡಿ. ಸಾವಿಗೂ ಆ ರಾಖಿಗೂ ನಡುವೆ ಏಳು ವರ್ಷಗಳು ಕಳೆದಿದ್ದವು.

ಶ್ರೀರಂಗಪಟ್ಟಣದಲ್ಲಿ ನಮ್ಮ ಪೂರ್ವಿಕರು ಸೆರೆಯಲ್ಲಿ ಅನುಭವಿಸಿದ್ದನ್ನು ನಾವು ಕ್ಷಮಿಸಬಹುದಾ?

1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. 1799ರಲ್ಲಿ ಟಿಪ್ಪು ಮಡಿಯುವ ತನಕ ಅವರು ಸೆರೆಯಲ್ಲಿದ್ದರು, ಅನೇಕರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಆ ನೋವಿನ ಪರವಾಗಿ ಕ್ಷಮಿಸುವ ಹಕ್ಕು ಅನುಭವಿಸಿದವರದು, ಅದನ್ನು ನಾವು ವಹಿಸಿಕೊಳ್ಳಲಾಗದು. ನಮ್ಮ ಪಾಲಿಗೆ ಬಂದಿರುವುದು ಆ ನೆನಪು. ಅದನ್ನು ನಿಜವಾಗಿ ಹೇಳಬೇಕು, ಮಕ್ಕಳಿಗೂ ಹೇಳಬೇಕು. ತಂದೆಯ ದೋಷಫಲವನ್ನು ಮಗನು ಹೊರುವುದಿಲ್ಲವೆಂದು ಯೆಹೆಜ್ಕೇಲನು ಬರೆದಿರುವಾಗ (18:20), ಆ ಕಾಲದ ರಾಜನ ಕೆಲಸಕ್ಕೆ ಇಂದಿನ ಮುಸ್ಲಿಂ ನೆರೆಯವನಿಂದ ಲೆಕ್ಕ ಕೇಳುವುದು ಮಾತ್ರ ಕೂಡದು.

ನನ್ನನ್ನು ನಾನೇ ಕ್ಷಮಿಸಿಕೊಳ್ಳಲು ಆಗುತ್ತಿಲ್ಲ.

ನಿಮ್ಮನ್ನು ನೀವೇ ಬಿಡುಗಡೆ ಮಾಡಿಕೊಳ್ಳಬೇಕೆಂದು ವೇದವು ಎಲ್ಲಿಯೂ ಕೇಳುವುದಿಲ್ಲ; ಅದು ದೇವರ ಕೆಲಸ. ನಮ್ಮ ಹೃದಯವು ನಮ್ಮನ್ನು ದೋಷಿಗಳೆಂದು ಹೇಳಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು ಎಂದು ಯೋಹಾನನು ಬರೆದಿದ್ದಾನೆ (1 ಯೋಹಾನ 3:20). ತನ್ನ ಗುರುವನ್ನು ಮೂರು ಸಲ ಅರಿಯೆನೆಂದ ಪೇತ್ರನನ್ನು ಯೇಸುಸ್ವಾಮಿ ಸಮುದ್ರದ ದಡದಲ್ಲಿ ಮೂರು ಸಲ ಪ್ರೀತಿಯ ಬಗ್ಗೆಯೇ ಕೇಳಿ, ಮೂರು ಸಲವೂ ಕುರಿಗಳ ಹೊಣೆಯನ್ನು ಒಪ್ಪಿಸಿದರು. ಆದರೂ ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ, ಅದರಲ್ಲಿ ನಂಬಿಕೆಯ ಕೊರತೆಯೇನೂ ಇಲ್ಲ.

ತಪ್ಪು ನನ್ನದೇ. ಫಾದರ್ ಹತ್ತಿರ ಪಾಪನಿವೇದನೆ ಮಾಡಿದ್ದೇನೆ. ಆ ಮನೆಯವರ ಹತ್ತಿರವೂ ಹೋಗಬೇಕಾ? ಹೋದರೆ ಏನು ಹೇಳಲಿ?

ಹೋಗಬೇಕು, ಹೋಗುವುದರಿಂದ ಅವರಿಗೆ ಇನ್ನಷ್ಟು ಹಾನಿಯಾಗುವಂತಿರದಿದ್ದರೆ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿದರೂ ನೆರೆಯವನಿಗೆ ಮಾಡಿದ ಹಾನಿಯನ್ನು ಆದಷ್ಟು ಸರಿಪಡಿಸಬೇಕೆಂದು ಕಥೋಲಿಕ ಬೋಧನೆಯೇ ಹೇಳುತ್ತದೆ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು. ಸುಂಕದ ಜಕ್ಕಾಯನು ಕ್ಷಮೆಯ ಸಂತೋಷದಲ್ಲೇ, ಅನ್ಯಾಯವಾಗಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದನು.

ಹೋಗುವಾಗ ಒಬ್ಬರೇ ಹೋಗಿ, ಹಬ್ಬದ ಗದ್ದಲದ ದಿನ ಬೇಡ. ಮಾಡಿದ್ದನ್ನು ಹೆಸರಿಟ್ಟು ಹೇಳಿ: ನಿಮ್ಮ ಮಗಳ ಸಂಬಂಧ ಮುರಿಯುವಂತೆ ನಾನು ಅವರ ಮನೆಯಲ್ಲಿ ಸುಳ್ಳು ಹೇಳಿದೆ, ಎಂದು. “ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ” ಎಂದು ಶುರುಮಾಡಿದರೆ ತಪ್ಪು ಅವರ ಬೇಜಾರಿನ ಮೇಲೆ ಬೀಳುತ್ತದೆ. “ಆದರೆ ನೀವೂ ಅವತ್ತು” ಎಂಬ ಮಾತು ಬಾಯಿಗೆ ಬಂದರೆ ಅಲ್ಲೇ ನುಂಗಿಕೊಳ್ಳಿ. ಹಣ ಕೊಡಬೇಕಿದ್ದರೆ ಕೈಯಲ್ಲಿ ಹಿಡಿದು ಹೋಗಿ, ಪೂರ್ತಿ ಇಲ್ಲದಿದ್ದರೆ ಯಾವಾಗ ಎಷ್ಟು ಎಂದು ಬರೆದುಕೊಡಿ. ಅವರು ಕೂರಿಸಿ ಕಾಫಿ ಕೊಡಬಹುದು, ಬಾಗಿಲಲ್ಲೇ ಬೈದು ಕಳಿಸಬಹುದು, ಎರಡಕ್ಕೂ ಸಿದ್ಧರಾಗಿರಿ. ಅವರು ಕ್ಷಮಿಸದಿದ್ದರೆ, ಕ್ರೈಸ್ತರಾಗಿ ಕ್ಷಮಿಸಬೇಕಲ್ಲವೇ ಎಂದು ಅವರಿಗೇ ವಾಕ್ಯ ತೋರಿಸಬೇಡಿ, ಹಿರಿಯರನ್ನೋ ಫಾದರನ್ನೋ ಕಳುಹಿಸಿ ಒತ್ತಾಯ ಹಾಕಿಸಬೇಡಿ. ಬರೆದುಕೊಟ್ಟ ಕಂತುಗಳನ್ನು ತಪ್ಪದೆ ಕಟ್ಟುತ್ತಾ ಹೋಗಿ.